ಕಂಪ್ಯಾರೇಟರ್ ಎಂದರೆ ತಕ್ಕಡಿ

"ಕಂಪ್ಯಾರೇಟರ್ ಟ್ರೂ ಕೊಟ್ರೆ ಸಾರ್ಟ್ ಎರಡನ್ನೂ ಅದಲುಬದಲು ಮಾಡುತ್ತೆ." ಈ ಮಾತನ್ನು ಈ ವಾರ ಮೂರನೇ ಸಲ ಓದಿದೆ. ಮೊದಲೆರಡು ಸಲ ಸುಮ್ನಿದ್ದೆ. ಮೂರನೆಯದು ಹೊಸಬರಿಗೆ ಅಂತಲೇ ಬರೆದ ಪಾಠದಲ್ಲಿತ್ತು.

ಸಾರ್ಟ್ ಎಂದರೆ ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಕೋಡ್. ಅದಕ್ಕೆ ನಾವು ಕೊಡುವ ಆ ಪುಟ್ಟ ಫಂಕ್ಷನ್, ಅಂದರೆ ಕಂಪ್ಯಾರೇಟರ್, ಯಾವುದನ್ನೂ ಅದಲುಬದಲು ಮಾಡುವುದಿಲ್ಲ, ಮಾಡು ಅಂತ ಅಪ್ಪಣೆಯನ್ನೂ ಕೊಡುವುದಿಲ್ಲ. ಅದರ ಕೈಗೆ ಎರಡು ಬೆಲೆ ಬರುತ್ತವೆ, ಎ ಮತ್ತು ಬಿ ಅನ್ನೋಣ. ಯಾವುದು ಮೊದಲು ಅಂತ ಹೇಳಿದರೆ ಅದರ ಕೆಲಸ ಮುಗೀತು. ಆ ಉತ್ತರ ಇಟ್ಟುಕೊಂಡು ಯಾವುದನ್ನು ಎಲ್ಲಿಗೆ ಸರಿಸಬೇಕು ಅನ್ನುವುದು ಸಾರ್ಟ್‌ನ ತಲೆನೋವು.

ಪದದ ಬೇರನ್ನು ಸ್ವಲ್ಪ ಕೆದಕಿ ನೋಡೋಣ. ಇಂಗ್ಲಿಷಿನ ಕಂಪೇರ್ ಲ್ಯಾಟಿನ್‌ನಿಂದ ಬಂದದ್ದು. 'ಕಂ' ಎಂದರೆ ಜೊತೆಗೆ, 'ಪಾರ್' ಎಂದರೆ ಸಮ. ನಮ್ಮ 'ಹೋಲಿಕೆ'ಯೂ ಹಾಗೇ. ಮಗುವಿಗೆ ಅಜ್ಜಿಯ ಹೋಲಿಕೆ ಇದೆ ಅಂದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ ಅಂತ. ಇನ್ನು 'ತುಲನೆ'. ಅದು ತುಲೆಯ, ಅಂದರೆ ತಕ್ಕಡಿಯ ಮನೆಯ ಪದ. ಸಮಾನ ಅನ್ನುವ ಅರ್ಥದ 'ತುಲ್ಯ' ಕೂಡ ಅದೇ ಮನೆಯದು. ಮೂರು ಪದ ತೆಗೆದುಕೊಂಡರೂ ಒಳಗೆ 'ಸಮ' ಕೂತಿದೆ. ಕೋಡ್ ಬರೆಯುವಾಗ ನಮ್ಮವರು ಕೆಡಿಸುವುದು ಅದನ್ನೇ!

ತಕ್ಕಡಿಗೆ ಮೂರು ನಿಲುವು: ಎಡ ತಟ್ಟೆ ಕೆಳಗೆ, ಬಲ ತಟ್ಟೆ ಕೆಳಗೆ, ಇಲ್ಲವೇ ಮುಳ್ಳು ನಟ್ಟನಡುವೆ. ಕಂಪ್ಯಾರೇಟರ್‌ಗೂ ಮೂರೇ. ಸೊನ್ನೆಗಿಂತ ಕಡಿಮೆ ಕೊಟ್ಟರೆ ಎ ಮೊದಲು, ಜಾಸ್ತಿ ಕೊಟ್ಟರೆ ಬಿ ಮೊದಲು, ಸೊನ್ನೆ ಕೊಟ್ಟರೆ ಎರಡೂ ಸಮ. ಈಗ "ಎ > ಬಿ" ಅಂತ ರಿಟರ್ನ್ ಮಾಡಿ ನೋಡಿ. ಜಾವಾಸ್ಕ್ರಿಪ್ಟ್‌ನಲ್ಲಿ ಟ್ರೂ 1 ಆಗುತ್ತದೆ, ಫಾಲ್ಸ್ 0 ಆಗುತ್ತದೆ. 'ಬಿ ಮೊದಲು' ಅನ್ನಬಹುದು. 'ಎ ಮೊದಲು' ಅನ್ನಲು ಬಾಯೇ ಇಲ್ಲ, ಅಲ್ಲೂ 'ಸಮ' ಅಂತಲೇ ಸುಳ್ಳು ಹೇಳಬೇಕು.

"ನನ್ನ ಹಳೇ ಕೋಡ್ ಸರಿಯಾಗೇ ಓಡ್ತಿತ್ತಲ್ಲ?" ಓಡ್ತಿತ್ತು, ನಿಜ. ಕ್ರೋಮ್ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್ ಆಗ 10 ಬೆಲೆಗಳವರೆಗಿನ ಪುಟ್ಟ ಅರೇಗಳಿಗೆ (ಪಟ್ಟಿಗಳಿಗೆ) ಇನ್ಸರ್ಷನ್ ಸಾರ್ಟ್ ಬಳಸುತ್ತಿತ್ತು, ಅಂದರೆ ಒಂದೊಂದನ್ನೇ ತೆಗೆದು ಅದರ ಜಾಗಕ್ಕೆ ತೂರಿಸುವ ವಿಧಾನ. ಬಂದ ಉತ್ತರ ಸೊನ್ನೆಗಿಂತ ಜಾಸ್ತಿಯಾ ಅಂತ ಮಾತ್ರ ಅದು ನೋಡುತ್ತಿತ್ತು. ಹಾಗಾಗಿ ಸುಳ್ಳು ಸಿಕ್ಕಿಬೀಳುತ್ತಿರಲಿಲ್ಲ. 2018ರಲ್ಲಿ, ಕ್ರೋಮ್ 70ರ ಹೊತ್ತಿಗೆ, ವಿ8 ಟಿಮ್‌ಸಾರ್ಟ್ ಎಂಬ ಬೇರೆ ವಿಧಾನಕ್ಕೆ ಬದಲಾಯಿತು. ಇದು ಮೊದಲು ಅರೇಯಲ್ಲಿ ಆಗಲೇ ಸಾಲಾಗಿರುವ ಭಾಗ ಎಷ್ಟಿದೆ ಅಂತ ಹುಡುಕುತ್ತದೆ. [3, 1, 2] ಕೊಡಿ. ಕಂಪ್ಯಾರೇಟರ್‌ಗೆ 1, 3 ಜೋಡಿಯನ್ನು ಕೊಟ್ಟು, ಉತ್ತರ ಸೊನ್ನೆಗಿಂತ ಕಡಿಮೆಯಾ ಅಂತ ನೋಡುತ್ತದೆ. 1 > 3 ಫಾಲ್ಸ್, ಅಂದರೆ 0. ಕಡಿಮೆಯಲ್ಲ, ಹಾಗಾದರೆ ಸಾಲಾಗಿದೆ. ಮುಂದೆ 2, 1. 2 > 1 ಟ್ರೂ, ಅಂದರೆ 1. ಇದೂ ಕಡಿಮೆಯಲ್ಲ. ಇಡೀ ಅರೇ ಸಾಲಾಗಿದೆ ಅಂತ ತೀರ್ಮಾನ ಮಾಡಿ [3, 1, 2] ಅನ್ನು ಹಾಗೇ ವಾಪಸ್ ಕೊಡುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಈ ಗೊಂದಲದ ಮೂಲ ಸಿ++ ಇರಬೇಕು ಅನ್ನೋದು ನನ್ನ ಅನುಮಾನ. ಅಲ್ಲಿ ಸಾರ್ಟ್ ಕೇಳುವ ಪ್ರಶ್ನೆಯೇ ಬೇರೆ: ಎ ಮೊದಲು ಬರಬೇಕಾ? ಅದಕ್ಕೆ ಹೌದು ಅಥವಾ ಇಲ್ಲ ಸಾಕು. ಅಲ್ಲೂ "<" ಬದಲು "<=" ಬರೆದು ಅರೇಯ ಆಚೆಗಿನ ಮೆಮೊರಿಗೆ ಕೈಹಾಕಿ ಪ್ರೋಗ್ರಾಂ ಬೀಳಿಸಿಕೊಂಡವರಿದ್ದಾರೆ. ಎರಡು ಸಮಾನ ಬೆಲೆಗಳು ತಾನು ಮೊದಲು, ತಾನು ಮೊದಲು ಅಂತ ಹಟ ಹಿಡಿದರೆ ಇನ್ನೇನಾಗುತ್ತೆ?

ಕಳೆದರೆ ಮೂರು ಉತ್ತರವೂ ಸಿಗುತ್ತವೆ ಅಂತ "ಎ - ಬಿ" ಬರೆಯುವವರು ಜಾವಾದಲ್ಲಿ ಹುಷಾರು. 2147483647ರಿಂದ -1 ಕಳೆದರೆ ಇಂಟ್ (ಜಾವಾದ ಪೂರ್ಣಾಂಕ) ಮಿತಿ ಮೀರಿ ಉಕ್ಕಿ -2147483648 ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಮೊದಲ ಸಾಲಿಗೆ! ಜಾವಾ 7ರಿಂದ ಈಚೆಗೆ ಇಂಥ ಎಡವಟ್ಟು ಕಂಡರೆ ಕೆಲವೊಮ್ಮೆ ಎಕ್ಸೆಪ್ಷನ್, ಅಂದರೆ ಎರರ್, ಬರುತ್ತದೆ. ಕೆಲವೊಮ್ಮೆ ಮಾತ್ರ.

ಇನ್ನು ಅರೇಯನ್ನು ಕಲಸಲು ಕಂಪ್ಯಾರೇಟರ್‌ನಿಂದ ರ್‍ಯಾಂಡಮ್ ಸಂಖ್ಯೆ ಕೊಡುವವರು. ಅದು ತಕ್ಕಡಿ ಹಿಡಿದು ಅಲ್ಲಾಡಿಸಿದ ಹಾಗೆ. 2010ರಲ್ಲಿ ಮೈಕ್ರೋಸಾಫ್ಟ್ ಯುರೋಪಿನವರಿಗೆ ತೋರಿಸಿದ ಬ್ರೌಸರ್ ಆಯ್ಕೆಯ ಪುಟದಲ್ಲಿ ಹೀಗೇ ಮಾಡಿದ್ದರು. ಐದು ಬ್ರೌಸರ್‌ಗಳಿಗೆ ಐದು ಜಾಗಗಳು ಸಮನಾಗಿ ಹಂಚಿಕೆಯಾಗಲೇ ಇಲ್ಲ. ಕಲಸಬೇಕಿದ್ದರೆ ಅದಕ್ಕೆಂದೇ ಫಿಶರ್-ಯೇಟ್ಸ್ ಎಂಬ ವಿಧಾನ ಇದೆ, ಸಾರ್ಟ್ ಯಾಕೆ?

ಆ ಪಾಠಕ್ಕೆ ಬರೋಣ. ಅದರ ಉದಾಹರಣೆ ಜಾವಾಸ್ಕ್ರಿಪ್ಟ್‌ನ ಸಾದಾ ಸಂಖ್ಯೆಗಳದ್ದು. ">" ತೆಗೆದು "-" ಹಾಕಿದ್ದರೆ ಸಾಕಿತ್ತು. ಹೆಸರುಗಳ ಅರೇಗೆ ಮಾತ್ರ ಆ ಮೈನಸ್ ಬೇಡ. ಹೆಸರಿನಿಂದ ಹೆಸರು ಕಳೆದರೆ ನ್ಯಾನ್ (ಸಂಖ್ಯೆಯಲ್ಲ ಎಂಬ ಗುರುತು) ಬರುತ್ತದೆ, ಅದನ್ನೂ ಸಾರ್ಟ್ ಸೊನ್ನೆ ಅಂತಲೇ ಓದಿಕೊಳ್ಳುತ್ತದೆ. ಅಲ್ಲಿಗೆ ಪದಗಳನ್ನು ಹೋಲಿಸುವ ಲೋಕೇಲ್‌ಕಂಪೇರ್ ಬಳಸಿ.