ಮೇಲಿನ ದೀಪ ಬದಲಿಸಲು ಒಳಗಿನ ಕಪಾಟು ಕೀಳಬೇಕೇ?

ಪ್ರಶ್ನೆ: ನಮ್ಮದು ಹಳೆಯ ಟೆಂಪೋ ಟ್ರಾವೆಲರನ್ನು ಕ್ಯಾರವಾನಾಗಿ ಮಾಡಿಸಿಕೊಂಡ ಗಾಡಿ. ಹಿಂಬದಿಯ ನೆತ್ತಿಯಲ್ಲಿರುವ ಎರಡು ಕೆಂಪು ದೀಪಗಳ ಪೈಕಿ ಎಡಗಡೆಯದು ಕಳೆದ ಮಳೆಗಾಲದಿಂದ ಉರಿಯುತ್ತಿಲ್ಲ. ಒಳಗಡೆ ಸರಿಯಾಗಿ ಅದೇ ಜಾಗದಲ್ಲಿ ಗೋಡೆಗೆ ಸೇರಿಸಿ ಕಪಾಟು ಮಾಡಿದ್ದಾರೆ. ಅದನ್ನು ಕೀಳದೆ ದೀಪ ಬದಲಿಸಲು ಸಾಧ್ಯವೇ? ಹೊಸ ದೀಪ ಕೂರಿಸಿದ ಮೇಲೆ ನೀರು ಹೋಗದಂತೆ ಸುತ್ತಲೂ ಸಿಲಿಕೋನ್ ಹಚ್ಚಿದರೆ ಸಾಕಲ್ಲವೇ? ಗಾಡಿಯ ಎರಡು ಫೋಟೋಗಳನ್ನು ಕಳುಹಿಸಿದ್ದೇನೆ. (ಪೆರ್ಲದ ಓದುಗರೊಬ್ಬರು)

ಉತ್ತರ: ಮೊದಲನೆಯದು ಸಾಧ್ಯ. ಎರಡನೆಯದು ದಯವಿಟ್ಟು ಬೇಡ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಉಪ್ಪಳದಿಂದ ಮುಳ್ಳೇರಿಯದವರೆಗೆ ಗಾಡಿ ಇಟ್ಟುಕೊಂಡವರು ಯಾರೇ ಸಿಕ್ಕಿದರೂ ಈ ಸಿಲಿಕೋನಿನ ಮಾತನ್ನೇ ಎತ್ತುತ್ತಾರೆ. ನಾನು ಹಳೆಯ ಉತ್ತರವನ್ನೇ ಹೇಳುತ್ತೇನೆ. ಅವರು ತಲೆಯಾಡಿಸಿ ಮನೆಗೆ ಹೋಗಿ, ಟ್ಯೂಬಿನ ಮೂತಿ ಕತ್ತರಿಸಿ, ಸುತ್ತಲೂ ಹಚ್ಚುತ್ತಾರೆ. 2021ರಲ್ಲಿ ಕೇರಳ ಸರಕಾರವು ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಘೋಷಿಸಿದ ಮೇಲೆ ಹಳೆಯ ವ್ಯಾನುಗಳಿಗೆ ಹಾಸಿಗೆ, ಒಲೆ, ಕಪಾಟು ಕೂರಿಸಿಕೊಳ್ಳುವ ಆಸೆ ನಮ್ಮ ಕಡೆಯೂ ಚಿಗುರಿದೆ, ಅದರ ಜೊತೆಗೆ ಈ ಪ್ರಶ್ನೆಯೂ ಚಿಗುರಿದೆ. ಆದ್ದರಿಂದ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಪಾಟಿನ ವಿಷಯವನ್ನು ಮೊದಲು ಮುಗಿಸೋಣ. ಬಾಡಿ ಕಟ್ಟುವವರು ನೆತ್ತಿಯ ದೀಪದ ವೈರನ್ನು ಮೊದಲು ಎಳೆದು, ಅದರ ಮೇಲೆ ಪ್ಲೈವುಡ್ ಹೊಡೆದು, ಪ್ಲೈವುಡ್ಡಿಗೆ ರೆಕ್ಸಿನ್ ಅಂಟಿಸಿ, ಕೊನೆಗೆ ಕಪಾಟು ಕೂರಿಸುತ್ತಾರೆ. ಹಾಗಾಗಿ ಒಳಗೆ ನಿಂತು ನೋಡಿದವರಿಗೆ ದೀಪವು ಏಳು ಸುತ್ತಿನ ಕೋಟೆಯ ಆಚೆಗಿದ್ದಂತೆ ತೋರುತ್ತದೆ. ಆದರೆ ಹಳೆಯ ಗಾಡಿಗಳ ನೆತ್ತಿಯ ದೀಪ ಹೆಚ್ಚಾಗಿ ಹೊರಮೈಯ ಮೇಲೆಯೇ ಕೂತಿರುವಂಥದು. ಬಣ್ಣದ ಪ್ಲಾಸ್ಟಿಕ್ ಮುಚ್ಚಳಕ್ಕೆ ಎರಡು ಸ್ಕ್ರೂ, ಅದನ್ನು ತೆಗೆದರೆ ಬಲ್ಬು, ಬಲ್ಬಿನ ಆಚೀಚೆ ದೀಪದ ಬುಡವನ್ನು ಹಿಡಿದಿರುವ ಇನ್ನೆರಡು ಸ್ಕ್ರೂ, ಅದರ ಹಿಂದೆ ವೈರು ಹೊರಬರುವ ಒಂದು ತೂತು. ಕೆಲಸವೆಲ್ಲ ಹೊರಗಿನಿಂದಲೇ ಆಗುತ್ತದೆ. ತಮ್ಮ ಫೋಟೋದಲ್ಲಿಯೂ ಮುಚ್ಚಳದ ಎರಡು ಸ್ಕ್ರೂಗಳು, ತುಕ್ಕು ಹಿಡಿದಿದ್ದರೂ, ಸ್ಪಷ್ಟವಾಗಿ ಕಾಣುತ್ತವೆ.

ಕಷ್ಟವಿರುವುದು ಎತ್ತರದಲ್ಲಿ. ಗಾಡಿಯನ್ನು ಅಡಿಕೆ ಒಣಗಿಸುವ ಅಂಗಳದಂಥ ಸಮತಟ್ಟಾದ ಜಾಗಕ್ಕೆ ತಂದು ನಿಲ್ಲಿಸಿ. ತೋಟದ ಏಣಿಯನ್ನು ಫೈಬರ್ ಮೈಗೆ ಒರಗಿಸಿದರೆ ದೀಪ ಸರಿಯಾಗುವ ಮೊದಲು ಮೈಯಲ್ಲಿ ಬಿರುಕು ಬಿಡುತ್ತದೆ. ತನ್ನ ಕಾಲ ಮೇಲೆ ತಾನೇ ನಿಲ್ಲುವ ಮಡಚುವ ಏಣಿಯೇ ಬೇಕು. ಮಾಡಿನ ಮೇಲೆ ಹತ್ತಿ, ಮಕಾಡೆ ಮಲಗಿ, ಕೈ ಕೆಳಗೆ ಇಳಿಬಿಟ್ಟು ಕೆಲಸ ಮಾಡುವ ಸಾಹಸವನ್ನು ಬಲ್ಲವರು ಮಾಡುವುದಿಲ್ಲ.

ಹೊಸ ದೀಪ ಕೊಳ್ಳುವ ಮೊದಲು ಹಳೆಯದರ ರೋಗವೇನು ಎಂದು ನೋಡಿಕೊಳ್ಳಿ. ಎಡಗಡೆಯ ಕೆಳಗಿನ ಪಾರ್ಕಿಂಗ್ ದೀಪ ಉರಿಯುತ್ತಿದ್ದರೆ ಫ್ಯೂಸಿನ ಮೇಲೆ ಅನುಮಾನ ಬೇಡ. ಮುಚ್ಚಳ ತೆಗೆದು ಬಲ್ಬಿನ ತಂತಿ ತುಂಡಾಗಿದೆಯೇ ನೋಡಿ. ತಂತಿ ಸರಿಯಿದ್ದರೆ ಒಂದು ಉದ್ದದ ವೈರಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹೋಲ್ಡರಿನ ಅರ್ತಿಂಗ್ ಬದಿಗೆ ಮುಟ್ಟಿಸಿ. ಬಲ್ಬು ಹೊತ್ತಿಕೊಂಡರೆ ಕೆಟ್ಟಿರುವುದು ಅರ್ತಿಂಗ್, ದೀಪವಲ್ಲ. ಕಬ್ಬಿಣದ ಚೌಕಟ್ಟಿನ ಹಳೆಯ ಗಾಡಿಗಳಲ್ಲಿ ದೀಪದ ಬುಡದ ಸ್ಕ್ರೂವೇ ಅರ್ತಿಂಗ್ ಆಗಿರುವುದುಂಟು; ಆ ಸ್ಕ್ರೂ ತುಕ್ಕು ತಿಂದ ದಿನ ದೀಪ ಆರುತ್ತದೆ. ಐದು ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ ಕರೆಂಟನ್ನು. ಅಷ್ಟನ್ನೂ ದಾಟಿಸಲಾರದಷ್ಟು ತುಕ್ಕು ನಮ್ಮ ಕಡಲ ಗಾಳಿಯಲ್ಲಿ ನಾಲ್ಕೈದು ಮಳೆಗಾಲಕ್ಕೆ ಸಲೀಸಾಗಿ ಕೂಡಿಕೊಳ್ಳುತ್ತದೆ.

ಬುಡವನ್ನೇ ತೆಗೆಯಬೇಕಾಗಿ ಬಂದರೆ ಎರಡು ಮಾತು ನೆನಪಿರಲಿ. ತುಕ್ಕು ಹಿಡಿದ ಸ್ಕ್ರೂವಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಮರುದಿನ ಅದರ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರಿನಿಂದ, ಮೊದಲು ಕೊಂಚ ಬಿಗಿ ಮಾಡುವ ಕಡೆಗೆ ತಿರುಗಿಸಿ ಆಮೇಲೆ ಬಿಚ್ಚಬೇಕು. ಎರಡನೆಯದಾಗಿ, ವೈರನ್ನು ಕತ್ತರಿಸುವ ಮೊದಲು ಅದಕ್ಕೊಂದು ಗಟ್ಟಿ ನೂಲು ಕಟ್ಟಿ, ನೂಲಿನ ಇನ್ನೊಂದು ತುದಿಯನ್ನು ಹೊರಗೆ ಟೇಪಿನಿಂದ ಅಂಟಿಸಿ. ವೈರಿನ ತುದಿ ತೂತಿನೊಳಗೆ ಜಾರಿತೆಂದರೆ ಅದು ಪ್ಲೈವುಡ್ಡಿನ ಹಿಂದೆ ಬಿತ್ತೆಂದೇ ಲೆಕ್ಕ, ಆಗ ಮಾತ್ರ ತಾವು ಕಪಾಟು ಕೀಳಬೇಕಾಗುತ್ತದೆ. ನಾನು ಕಂಡಂತೆ ಕಪಾಟು ಕಿತ್ತವರಲ್ಲಿ ಹೆಚ್ಚಿನವರು ಕಿತ್ತದ್ದು ಒಂದು ಮೊಳ ನೂಲಿನ ಉಳಿತಾಯಕ್ಕಾಗಿ.

ಇನ್ನು ಸಿಲಿಕೋನ್. ಸುತ್ತಲೂ ಹಚ್ಚಿದರೆ ನೀರು ಹೋಗುವುದಿಲ್ಲ ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಸಿಲಿಕೋನೇ ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ನಾನೂ ಒಂದು ಕಾಲಕ್ಕೆ ನಂಬಿದವನೇ. ಒಂದು ವರ್ಷ ಮೇ ಕೊನೆಯಲ್ಲಿ, ಪತ್ತನಾಜೆ ಕಳೆದ ವಾರ, ನನ್ನ ಸ್ವಂತ ವ್ಯಾನಿನ ನೆತ್ತಿಯ ದೀಪಕ್ಕೆ, ಒಂದು ಕೂದಲೆಳೆಯಷ್ಟೂ ಸಂದು ಉಳಿಸದೆ, ಸುತ್ತಲೂ ಹಚ್ಚಿ ಬೆರಳಿನಿಂದ ನೀಟಾಗಿ ಸವರಿದ್ದೆ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಏಣಿ ಇಟ್ಟು ನೋಡುತ್ತೇನೆ, ಕೆಂಪು ಮುಚ್ಚಳದೊಳಗೆ ಅರ್ಧದವರೆಗೆ ನೀರು ನಿಂತಿದೆ. ಬಲ್ಬಿನ ಕೆಳತುದಿ ಅದರಲ್ಲಿ ಮುಳುಗಿದೆ. ಬಿಚ್ಚಿದಾಗ ಹೋಲ್ಡರಿನ ಹಿತ್ತಾಳೆ ಹಸಿರು ಪುಡಿಯಾಗಿ ಬೆರಳಿಗೆ ಬಂತು. ಪಾಸಿಟಿವ್ ಬದಿಯ ಪಟ್ಟಿಯಂತೂ ಕಾಗದದಷ್ಟು ತೆಳ್ಳಗಾಗಿ ಮುಟ್ಟಿದಲ್ಲೇ ಮುರಿಯಿತು. ಹೊರಗಿನ ಸಿಲಿಕೋನ್ ಮಾತ್ರ ಹಚ್ಚಿದಂತೆಯೇ ಇತ್ತು.

ನೀರು ಎಲ್ಲಿಂದ ಬಂತು? ದೀಪದೊಳಗೆ ಇರುವುದು ಗಾಳಿ. ಮಳೆಯ ನಡುವೆ ಒಂದು ಗಂಟೆ ಬಿಸಿಲು ಬಂದಾಗ, ಒಳಗಿನಿಂದ ಬಲ್ಬೂ ಕಾಯುತ್ತಿರುವಾಗ, ಆ ಗಾಳಿ 60 ಡಿಗ್ರಿಗೆ ಏರಿತೆಂದು ಇಟ್ಟುಕೊಳ್ಳಿ. ಅದು ಹಿಗ್ಗಿ ಎಲ್ಲಿಂದಾದರೂ ಹೊರಗೆ ಹೋಗುತ್ತದೆ. ಅಷ್ಟರಲ್ಲಿ ಮಳೆ ಹೊಡೆದು ದೀಪ 25 ಡಿಗ್ರಿಗೆ ಇಳಿಯುತ್ತದೆ. ಈಗ ಮುಚ್ಚಿದ ಡಬ್ಬಿಯೊಳಗಿನ ಒತ್ತಡ ಹೊರಗಿನದಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆಯಾಯಿತು. ವಾಯುಮಂಡಲದ ಒತ್ತಡವು ಸುಮಾರು 10 ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮವೆಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಅದರ ಹತ್ತರಲ್ಲೊಂದು ಪಾಲೆಂದರೆ ಒಂದು ಮೀಟರ್. ಒಂದು ಮೀಟರ್ ಕೆಳಗಿರುವ ನೀರನ್ನು ಮೇಲಕ್ಕೆಳೆಯುವ ಬಲದಿಂದ ತಮ್ಮ ದೀಪವು ಹೊರಗಿನ ಮಳೆನೀರನ್ನು ಹೀರುತ್ತಿದೆ. ಸಿಲಿಕೋನಿನಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಸಾಕು. ಅದಿಲ್ಲದಿದ್ದರೆ ವೈರಿನೊಳಗಿನ ಸಣ್ಣ ಸಣ್ಣ ಎಳೆಗಳ ನಡುವಿನಿಂದ, ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ, ತೇವ ಏರಿ ಬರುತ್ತದೆ. ಬಂದದ್ದು ಹೋಗಬೇಕಾದರೆ ದಾರಿ ಬೇಕಲ್ಲ, ಅದನ್ನು ತಾವು ಕೈಯಾರೆ ಮುಚ್ಚಿದ್ದೀರಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಲ್ಲಿ ಈ ಹೀರಾಟ ಜೂನ್‌ನಿಂದ ಸೆಪ್ಟೆಂಬರಿನವರೆಗೆ ದಿನಕ್ಕೆ ಮೂರು ನಾಲ್ಕು ಸಲ ನಡೆಯುತ್ತದೆ.

ಇದನ್ನು ನಮ್ಮೂರಿನವರಿಗೆ ವಿವರಿಸಬೇಕಾಗಿ ಬರುವುದೇ ನನಗೆ ಸೋಜಿಗ. ನಮ್ಮ ಹಂಚಿನ ಮನೆಗಳ ಮಾಡಿನಲ್ಲಿ ಹಂಚು ಹಂಚಿನ ನಡುವೆ ಯಾರಾದರೂ ಸಿಮೆಂಟು ಮೆತ್ತಿದ್ದಾರೆಯೇ? ಒಂದರ ಮೇಲೊಂದು ಹೊದ್ದು ಕೂತ ಹಂಚು ನೀರನ್ನು ಕೆಳಕ್ಕೆ ಜಾರಿಸುತ್ತದೆ, ಒಳಗಿನ ಹಬೆಯನ್ನು ಸಂದಿನಿಂದ ಹೊರಗೆ ಬಿಡುತ್ತದೆ. ಗದ್ದೆಯಲ್ಲಿ ನೇಜಿ ನೆಡುವವರು ಹೊದ್ದುಕೊಳ್ಳುತ್ತಿದ್ದ ಗೊರಬೆಯನ್ನು ಕೆಳಗೂ ಹೊಲಿದು ಮುಚ್ಚಿದವರಿಲ್ಲ. ಮಳೆ ಮೇಲಿನಿಂದ ಕೆಳಗೆ ಬೀಳುತ್ತದೆ ಎಂಬುದು ತಿಳಿದಿದ್ದರೆ ದೀಪದ ಕೆಲಸವೂ ತಿಳಿದಂತೆಯೇ.

ಹಾಗಾದರೆ ಏನನ್ನೂ ಹಚ್ಚಬಾರದೇ ಎಂದು ಕೂಡಲೇ ಇನ್ನೊಂದು ತುದಿಗೆ ಹಾರಬೇಡಿ, ಅದನ್ನು ಮಾಡಿದವರನ್ನೂ ಕಂಡಿದ್ದೇನೆ. ಮುಚ್ಚಬೇಕಾದದ್ದು ಎರಡು ಕಡೆ, ಬಿಡಬೇಕಾದದ್ದು ಒಂದು ಕಡೆ. ವೈರು ಗಾಡಿಯ ಮೈಯೊಳಗೆ ಹೋಗುವ ತೂತನ್ನು ರಬ್ಬರ್ ಬಳೆ ಮತ್ತು ಬ್ಯೂಟೈಲ್ ಟೇಪಿನಿಂದ ಪೂರ್ತಿಯಾಗಿ, ನಿರ್ದಾಕ್ಷಿಣ್ಯವಾಗಿ ಮುಚ್ಚಿ. ಅಲ್ಲಿ ಹೋದ ನೀರು ಪ್ಲೈವುಡ್ಡಿಗೆ ಹೋಗುತ್ತದೆ. ದೀಪದ ಬುಡದ ಹೊರ ಅಂಚಿಗೆ ಮೇಲ್ಗಡೆ ಮತ್ತು ಎರಡು ಬದಿಗಳಲ್ಲಿ ಮಾತ್ರ ಸೀಲಂಟ್ ಹಚ್ಚಿ. ಕೆಳ ಅಂಚನ್ನು ಹಾಗೆಯೇ ಬಿಡಿ. ಬುಡದ ಕೆಳಗಡೆ ನೀರಿಳಿಯುವ ಸಣ್ಣ ತೂತು ಕಂಪೆನಿಯಿಂದಲೇ ಇದ್ದರೆ ಅದು ಕೆಳಮುಖವಾಗಿರುವಂತೆ ಕೂರಿಸಿ. ದೀಪವನ್ನು ತಲೆಕೆಳಗಾಗಿ ಕೂರಿಸಿ ಆ ತೂತು ಆಕಾಶ ನೋಡುತ್ತಿರುವ ಗಾಡಿಗಳು ಬೇಕಾದಷ್ಟಿವೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಈ ತೂತೆಂದರೆ ಬಲು ಪ್ರೀತಿ, ಆದ್ದರಿಂದ ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಅದಕ್ಕೊಂದು ಹಿಡಿಕಡ್ಡಿ ತೂರಿಸಿ ನೋಡಬೇಕು.

ಹಚ್ಚುವ ಪದಾರ್ಥವನ್ನೂ ನೋಡಿ ಕೊಳ್ಳಿ. ಟ್ಯೂಬು ಬಿಚ್ಚಿದ ಕೂಡಲೇ ಮೂಗಿಗೆ ವಿನೆಗರಿನ ವಾಸನೆ ಹೊಡೆದರೆ ಅದು ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುವ ಬಗೆಯದು. ಮುಚ್ಚಿದ ದೀಪದೊಳಗೆ ಅದರ ಹಬೆ ತಾಮ್ರ ಹಿತ್ತಾಳೆಗಳನ್ನು ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ ತನ್ನಿ. ಹಳೆಯ ಸಿಲಿಕೋನಿನ ಮೇಲೆ ಹೊಸ ಸಿಲಿಕೋನ್ ಹಿಡಿಯುವುದಿಲ್ಲ, ಕೆರೆದೇ ತೆಗೆಯಬೇಕು. ಕೆರೆದ ಮೇಲೆ ಮುಚ್ಚಳವನ್ನು ಪೆಟ್ರೋಲಿನಿಂದಲೋ ಥಿನ್ನರಿನಿಂದಲೋ ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಕೂದಲಿನಂಥ ಬಿರುಕುಗಳೇಳುತ್ತವೆ. ಸೋಪಿನ ನೀರು ಸಾಕು.

ವೈರಿನ ಬಗ್ಗೆ ಒಂದೇ ಮಾತು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರು ಗೋಡೆಯ ಪೈಪಿನೊಳಗೆ ಹೋಗುವ ಮೊದಲು ಒಮ್ಮೆ ಕೆಳಕ್ಕೆ ಜೋಲಿ ಮತ್ತೆ ಮೇಲೇರುವುದನ್ನು ನೋಡಿದ್ದೀರಿ. ದೀಪದ ಹಿಂದೆಯೂ ವೈರಿಗೆ ಅಂಥದೇ ಒಂದು ಸಣ್ಣ ಜೋಲು ಕೊಡಿ, ನೀರು ಅಲ್ಲಿ ತೊಟ್ಟಿಕ್ಕುತ್ತದೆ. ಜೋಡಣೆಗೆ ಕರಿ ಟೇಪು ಬೇಡ, ಒಂದು ಬೇಸಗೆಗೆ ಅದರ ಗೋಂದು ಕರಗಿ ಬಿಡುತ್ತದೆ.

ಎಲ್‌ಇಡಿ ಹಾಕಬಹುದೇ ಎಂದು ಮುಂದಿನ ಪತ್ರದಲ್ಲಿ ಕೇಳುವಿರಿ. ಹಾಕಬಹುದು. ಪಾಸಿಟಿವ್ ನೆಗೆಟಿವ್ ಅದಲುಬದಲಾದರೆ ಉರಿಯುವುದಿಲ್ಲ, ಅಷ್ಟೇ. ಇಡೀ ದೀಪವೇ ಅಂಟಿನಲ್ಲಿ ಮುಳುಗಿಸಿ ಗಟ್ಟಿ ಮಾಡಿದ ಬಗೆಯದಾದರೆ ಅದರೊಳಗೆ ಗಾಳಿಗೆ ಜಾಗವೇ ಇಲ್ಲ. ಮೇಲೆ ಹೇಳಿದ್ದನ್ನು ಓದಿ ಅದಕ್ಕೆ ಡ್ರಿಲ್ಲಿಂಗ್ ಮಾಡಲು ಹೋಗಬೇಡಿ.

ತಾವು ಕೇಳದಿದ್ದರೂ ನನ್ನನ್ನು ಕಾಡಿದ್ದು ಬೇರೊಂದು ವಿಷಯ. ಕಳೆದ ಮಳೆಗಾಲದಿಂದ ಉರಿಯುತ್ತಿಲ್ಲ ಎಂದು ಬರೆದಿದ್ದೀರಿ. ಅದು ತಮಗೆ ಗೊತ್ತಾದದ್ದು ಕಳೆದ ಮಳೆಗಾಲದಲ್ಲಿ, ಆರಿದ್ದು ಎಂದೋ. ಇಂಡಿಕೇಟರಿನ ಬಲ್ಬು ಹೋದರೆ ಹಳೆಯ ಗಾಡಿಗಳಲ್ಲಿ ಟಿಕ್ ಟಿಕ್ ಸದ್ದು ಬದಲಾಗಿ ಚಾಲಕನಿಗೆ ತಿಳಿಯುತ್ತದೆ. ನೆತ್ತಿಯ ದೀಪಕ್ಕೆ ಅಂಥ ಬಾಯಿಯಿಲ್ಲ. ಆದರೆ ಮಳೆಯಲ್ಲಿ ಅರುವತ್ತಾರನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೋಗುವಾಗ ಕೆಳಗಿನ ದೀಪಗಳೆಲ್ಲ ಕೆಂಪು ಕೆಸರಿನಲ್ಲಿ ಮುಚ್ಚಿಹೋಗಿ, ಮುಂದೆ ಇಷ್ಟು ಎತ್ತರದ, ಇಷ್ಟು ಅಗಲದ ಗಾಡಿಯೊಂದು ಇದೆ ಎಂದು ಹಿಂದಿನವನಿಗೆ ಹೇಳುವುದು ಆ ಎರಡು ದೀಪಗಳು ಮಾತ್ರ. ಒಂದೇ ಉರಿಯುತ್ತಿದ್ದರೆ ಅವನು ಅದನ್ನು ಬೈಕೆಂದುಕೊಂಡಾನು. ತಿಂಗಳಿಗೊಮ್ಮೆ ಮುಸ್ಸಂಜೆ ಹೊತ್ತಿಗೆ ಸುಣ್ಣ ಬಳಿದ ಗೋಡೆಗೆ ಗಾಡಿಯ ಬೆನ್ನು ಮಾಡಿ ನಿಲ್ಲಿಸಿ ಪಾರ್ಕಿಂಗ್ ದೀಪ ಹಾಕಿದರೆ ಎಲ್ಲವೂ ಗೋಡೆಯ ಮೇಲೆ ಕಾಣುತ್ತದೆ, ಏಣಿಯೂ ಬೇಡ.

ತಮ್ಮ ಎರಡನೆಯ ಫೋಟೋ ಗಾಡಿಯ ಮುಂಭಾಗದ್ದು. ಅದರಲ್ಲಿ ನೆತ್ತಿಯ ಮೇಲಿನ ಎರಡು ದೀಪಗಳಿಗೂ ಕೆಂಪು ಮುಚ್ಚಳವಿದೆ. ಅಂಗಡಿಯಲ್ಲಿ ನಾಲ್ಕನ್ನೂ ಒಂದೇ ಬಣ್ಣದಲ್ಲಿ ಕೊಟ್ಟಿರಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮದಂತೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವಾಹನದ ಮುಂದಕ್ಕೆ ಕೆಂಪು ಬೆಳಕು ಕಾಣುವಂತಿಲ್ಲ. ಕತ್ತಲಲ್ಲಿ ಎದುರಿನಿಂದ ಬರುವವನು ಕೆಂಪು ಕಂಡರೆ ತನ್ನ ಮುಂದೆಯೇ ಹೋಗುತ್ತಿರುವ ಗಾಡಿ ಎಂದು ತಿಳಿದು ಹಿಂದಿಕ್ಕಲು ಹೊರಡುತ್ತಾನೆ. ಬುಡ, ಬಲ್ಬು, ವೈರು ಯಾವುದನ್ನೂ ಮುಟ್ಟಬೇಕಾಗಿಲ್ಲ, ತಲಾ ಎರಡು ಸ್ಕ್ರೂ ಬಿಚ್ಚಿ ಬಿಳಿ ಮುಚ್ಚಳ ಹಾಕಿದರಾಯಿತು. ಏಣಿಯನ್ನು ಮೊದಲು ಆ ಕಡೆಗೆ ಇಡಿ, ಹಿಂದಿನ ದೀಪ ಆಮೇಲೆ.