ಕಾಯ್ದೆ ಕೇಂದ್ರದ್ದು, ಗಡುವು ರಾಜ್ಯದ್ದು: ಅಮೆರಿಕದಲ್ಲಿ ಪೊಲೀಸರ ಮೇಲಿನ ನಾಗರಿಕ ಹಕ್ಕು ದಾವೆಗಳ ಕಾಲಮಿತಿ ಬೆಳೆದು ಬಂದ ಬಗೆ

ಅಮೆರಿಕದಲ್ಲಿ ಪೊಲೀಸರು ಅಕ್ರಮವಾಗಿ ಬಂಧಿಸಿದಾಗ, ಹೊಡೆದಾಗ ಅಥವಾ ಸುಳ್ಳು ಸಾಕ್ಷ್ಯ ಹುಟ್ಟುಹಾಕಿ ಜೈಲಿಗೆ ಕಳಿಸಿದಾಗ ನೊಂದವರು ಪರಿಹಾರ ಕೇಳಲು ಮುಖ್ಯವಾಗಿ ನೆಚ್ಚಿಕೊಳ್ಳುವುದು ಅಲ್ಲಿನ ಫೆಡರಲ್ ಕಾನೂನಿನ ಸೆಕ್ಷನ್ 1983 ಅನ್ನು. ಇದು ಇಸವಿಯಲ್ಲ, ಸೆಕ್ಷನ್ನಿನ ಸಂಖ್ಯೆ. ದೇಶಕ್ಕೆಲ್ಲ ಈ ಸೆಕ್ಷನ್ ಒಂದೇ ಆಗಿದ್ದರೂ ಅದರಡಿ ದಾವೆ ಹೂಡಲು ಇರುವ ಗಡುವು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಂಟಕಿ ಮತ್ತು ಟೆನೆಸಿಯಲ್ಲಿ 1 ವರ್ಷ, ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಮತ್ತು ಇಲಿನಾಯ್‌ನಲ್ಲಿ 2 ವರ್ಷ, ನ್ಯೂಯಾರ್ಕ್‌ನಲ್ಲಿ 3 ವರ್ಷ, ಮಿನೆಸೊಟಾ ಮತ್ತು ಮೇನ್‌ನಲ್ಲಿ 6 ವರ್ಷ. 2020ರಲ್ಲಿ ಪೊಲೀಸರ ಕೈಯಲ್ಲಾದ ಸಾವುಗಳಿಂದ ಲೋಕಕ್ಕೆಲ್ಲ ಪರಿಚಿತವಾದ ಲೂಯಿವಿಲ್ ಮತ್ತು ಮಿನಿಯಾಪೊಲಿಸ್ ನಗರಗಳನ್ನೇ ತೆಗೆದುಕೊಂಡರೆ, ಒಂದೇ ಬಗೆಯ ಏಟು ತಿಂದ ಇಬ್ಬರಲ್ಲಿ ಮೊದಲ ಊರಿನವನ ಹಕ್ಕು ಒಂದೇ ವರ್ಷಕ್ಕೆ ತೀರಿಹೋಗುತ್ತದೆ, ಎರಡನೆಯ ಊರಿನವನಿಗೆ ಅದು ಆರು ವರ್ಷ ಉಳಿದಿರುತ್ತದೆ. ಇದು ಯಾರೋ ಕೂತು ಯೋಚಿಸಿ ಮಾಡಿದ ವ್ಯವಸ್ಥೆಯಲ್ಲ. ಶಾಸನಸಭೆ ಹೇಳದೆ ಬಿಟ್ಟ ಮಾತನ್ನು ನ್ಯಾಯಾಲಯಗಳು ಒಂದೂವರೆ ಶತಮಾನದಿಂದ ತುಂಬುತ್ತ ಬಂದಿರುವುದರ ಫಲ.

ಈ ಸೆಕ್ಷನ್ನಿನ ಮೂಲ 1871ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಸಹಿ ಹಾಕಿದ ಕೂ ಕ್ಲಕ್ಸ್ ಕ್ಲಾನ್ ಕಾಯ್ದೆಯಲ್ಲಿದೆ. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಬಿಡುಗಡೆ ಹೊಂದಿದ ಕಪ್ಪು ಜನರ ಮೇಲೆ ಕ್ಲಾನ್ ಎಂಬ ಬಿಳಿಯರ ಗುಪ್ತ ಸಂಘ ದಾಳಿ ನಡೆಸುತ್ತಿದ್ದಾಗ ಅಲ್ಲಿನ ಅಧಿಕಾರಿಗಳು ಕಣ್ಣು ಮುಚ್ಚಿಕೊಂಡಿದ್ದರು, ಕೆಲವೆಡೆ ತಾವೇ ಕೈಜೋಡಿಸಿದ್ದರು. ರಾಜ್ಯದ ಅಧಿಕಾರ ಬಳಸಿ ಸಂವಿಧಾನದ ಹಕ್ಕನ್ನು ಕಸಿದ ವ್ಯಕ್ತಿಯ ಮೇಲೆ ನೊಂದವರು ನೇರವಾಗಿ ಫೆಡರಲ್ ನ್ಯಾಯಾಲಯಕ್ಕೆ ಹೋಗಬಹುದು ಎಂದು ಹೇಳಿದ ಆ ಕಾಯ್ದೆ, ಎಷ್ಟು ದಿನದೊಳಗೆ ಹೋಗಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಮುಂದಿನ ತೊಂಬತ್ತು ವರ್ಷ ಈ ಸೆಕ್ಷನ್ ಹೆಚ್ಚುಕಡಿಮೆ ನಿದ್ರಿಸುತ್ತಿದ್ದುದರಿಂದ ಆ ಲೋಪ ಯಾರನ್ನೂ ಅಷ್ಟಾಗಿ ಕಾಡಲಿಲ್ಲ.

ಅದನ್ನು ಎಚ್ಚರಿಸಿದ್ದು ಶಿಕಾಗೋದ ಒಂದು ಮನೆಯ ಮೇಲಾದ ದಾಳಿ. 1958ರ ಅಕ್ಟೋಬರ್‌ನಲ್ಲಿ 13 ಪೊಲೀಸರು ವಾರಂಟ್ ಇಲ್ಲದೆ ಬೆಳಗಿನ ಜಾವ ಕಪ್ಪು ಕುಟುಂಬವೊಂದರ ಮನೆಗೆ ನುಗ್ಗಿ, ಗಂಡಹೆಂಡಿರನ್ನು ನಡುಮನೆಯಲ್ಲಿ ಬೆತ್ತಲೆ ನಿಲ್ಲಿಸಿ, ಪ್ರತಿ ಕೋಣೆಯನ್ನೂ ಜಾಲಾಡಿ, ಗಂಡನನ್ನು ಠಾಣೆಗೆ ಒಯ್ದು ಹತ್ತು ಗಂಟೆ ಕೂಡಿಹಾಕಿ, ಕೊನೆಗೆ ಯಾವ ಆರೋಪವನ್ನೂ ಹೊರಿಸದೆ ಬಿಟ್ಟರು ಎಂಬುದು ದೂರು. ಮನ್ರೋ ವಿರುದ್ಧ ಪೇಪ್ ಎಂಬ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1961ರಲ್ಲಿ, ಪೊಲೀಸರು ರಾಜ್ಯದ ಕಾನೂನನ್ನು ಮೀರಿ ನಡೆದಿದ್ದರೂ ಸೆಕ್ಷನ್ 1983ರ ಅಡಿ ಹೊಣೆಗಾರರಾಗುತ್ತಾರೆ ಎಂದು ತೀರ್ಪಿತ್ತಿತು. 1978ರಲ್ಲಿ ಮೊನೆಲ್ ಪ್ರಕರಣದ ತೀರ್ಪು ನಗರಾಡಳಿತಗಳನ್ನೂ ಅದರ ವ್ಯಾಪ್ತಿಗೆ ತಂದಿತು. ದಾವೆಗಳು ಹೆಚ್ಚಿದವು. ಅವುಗಳ ಜೊತೆಗೆ ಗಡುವಿನ ಜಗಳವೂ ಹೆಚ್ಚಿತು.

ಫೆಡರಲ್ ಕಾನೂನಿನಲ್ಲಿ ಕೊರತೆ ಕಂಡಾಗ, ಫೆಡರಲ್ ಉದ್ದೇಶಕ್ಕೆ ಧಕ್ಕೆ ಬಾರದಂತೆ ರಾಜ್ಯದ ಕಾನೂನನ್ನು ಎರವಲು ಪಡೆಯಬೇಕೆಂದು ಸೆಕ್ಷನ್ 1988 ಹೇಳುತ್ತದೆ. ಆದರೆ ರಾಜ್ಯದ ಯಾವ ಗಡುವು? ಹಲ್ಲೆಯ ದಾವೆಗೆ ಇರುವುದೇ, ಸರ್ಕಾರದ ಮೇಲಿನ ದಾವೆಗೆ ಇರುವುದೇ? ಒಂದೊಂದು ನ್ಯಾಯಾಲಯ ಒಂದೊಂದು ಉತ್ತರ ಕೊಡುತ್ತಿತ್ತು. ನ್ಯೂ ಮೆಕ್ಸಿಕೋದ ಪೊಲೀಸ್ ಅಧಿಕಾರಿಯೊಬ್ಬನ ಮೇಲೆ, ಘಟನೆ ನಡೆದು ಎರಡು ವರ್ಷ ಒಂಬತ್ತು ತಿಂಗಳಿಗೆ ಹೂಡಿದ ದಾವೆ ಇದನ್ನು ಸುಪ್ರೀಂ ಕೋರ್ಟಿನ ಮುಂದೆ ತಂದಿತು. ಸರ್ಕಾರಿ ನೌಕರರ ಮೇಲಿನ ದಾವೆಗಳಿಗೆ ಆ ರಾಜ್ಯ ಇಟ್ಟಿದ್ದ 2 ವರ್ಷದ ಗಡುವು ಹಿಡಿದರೆ ದಾವೆ ಸತ್ತಂತೆ, ವೈಯಕ್ತಿಕ ಗಾಯದ ದಾವೆಗಳ 3 ವರ್ಷ ಹಿಡಿದರೆ ಬದುಕಿದಂತೆ. 1985ರ ವಿಲ್ಸನ್ ವಿರುದ್ಧ ಗಾರ್ಸಿಯಾ ತೀರ್ಪು ಎರಡನೆಯದನ್ನು ಆರಿಸಿತು. ಪ್ರತಿ ರಾಜ್ಯವೂ ತನ್ನ ಸಾಮಾನ್ಯ ಜನರ ಗಾಯದ ದಾವೆಗಳಿಗೆ ಇಟ್ಟ ಗಡುವನ್ನೇ ಹಿಡಿದರೆ, ನಾಗರಿಕ ಹಕ್ಕಿನ ದಾವೆಗಳ ಮೇಲೆ ಮುನಿಸಿಟ್ಟು ಗಡುವು ಕಡಿತ ಮಾಡುವ ಸಾಧ್ಯತೆ ಕಡಿಮೆ ಎಂಬುದು ನ್ಯಾಯಮೂರ್ತಿ ಸ್ಟೀವನ್ಸ್ ಅವರ ತರ್ಕದ ಒಂದು ಮುಖ್ಯ ಎಳೆ. ಉದ್ದೇಶಪೂರ್ವಕ ಹಲ್ಲೆಗೆ ಬೇರೆಯೇ ಕಿರುಗಡುವು ಇರುವ ರಾಜ್ಯಗಳಲ್ಲಿ ಏನು ಮಾಡಬೇಕೆಂಬ ಪ್ರಶ್ನೆಗೆ 1989ರ ಓವೆನ್ಸ್ ವಿರುದ್ಧ ಒಕುರೆ ತೀರ್ಪು ಉತ್ತರಿಸಿತು. ಆಲ್ಬನಿಯ ವಿಶ್ವವಿದ್ಯಾಲಯ ಆವರಣದಲ್ಲಿ ಪೊಲೀಸರು ಹೊಡೆದರೆಂದು ದೂರಿದವನು 22 ತಿಂಗಳ ನಂತರ ಬಂದಿದ್ದ. ಹಲ್ಲೆಯ ದಾವೆಗಿದ್ದ 1 ವರ್ಷವನ್ನಲ್ಲ, ಸಾಮಾನ್ಯ ಗಾಯದ 3 ವರ್ಷವನ್ನೇ ಲೆಕ್ಕ ಹಿಡಿಯಬೇಕೆಂದು ನ್ಯಾಯಾಲಯ ಸರ್ವಾನುಮತದಿಂದ ಹೇಳಿತು.

ಇದರ ನಡುವೆ 1988ರಲ್ಲಿ ಫೆಲ್ಡರ್ ವಿರುದ್ಧ ಕೇಸಿ ತೀರ್ಪು ಬಂತು. ದಾವೆಗೆ ಮುನ್ನ, ಘಟನೆ ನಡೆದ 120 ದಿನದೊಳಗೆ ನೋಟಿಸ್ ಕೊಡಬೇಕೆಂಬ ವಿಸ್ಕಾನ್ಸಿನ್ ರಾಜ್ಯದ ನಿಯಮ ಸೆಕ್ಷನ್ 1983ರ ದಾವೆಗೆ ಅನ್ವಯಿಸದು ಎಂದು ಅದು ಹೇಳಿದ್ದು ದೊಡ್ಡ ಪರಿಹಾರವೇ ಸರಿ. ಆದರೆ ಅದೇ ಏಟಿಗೆ ರಾಜ್ಯದ ಕಾನೂನಿನಡಿಯೂ ಪರಿಹಾರ ಬೇಕೆಂದರೆ ನೋಟಿಸಿನ ಗಡುವು ಇಂದಿಗೂ ಇದೆ: ನ್ಯೂಯಾರ್ಕ್ ನಗರದ ಮೇಲೆ 90 ದಿನ, ಕ್ಯಾಲಿಫೋರ್ನಿಯಾದಲ್ಲಿ 6 ತಿಂಗಳು. ಆಸ್ಪತ್ರೆಯಿಂದ ಬಂದು, ಕೆಲಸ ಉಳಿಸಿಕೊಂಡು, ತನ್ನ ಮೇಲೆಯೇ ಇರುವ ಕ್ರಿಮಿನಲ್ ಪ್ರಕರಣ ಎದುರಿಸುತ್ತಿರುವವನಿಗೆ 90 ದಿನ ಎಂದರೆ ಏನೂ ಅಲ್ಲ.

ಇಷ್ಟಾದರೂ ತೀರದ ಪ್ರಶ್ನೆ ಗಡಿಯಾರ ಎಂದಿನಿಂದ ಓಡುತ್ತದೆ ಎಂಬುದು. ನನ್ನ ದೃಷ್ಟಿಯಲ್ಲಿ ವರ್ಷಗಳ ಎಣಿಕೆಗಿಂತ ಇದೇ ಹೆಚ್ಚು ಜನರ ದಾವೆಗಳನ್ನು ಮುಳುಗಿಸುವಂಥದ್ದು. ಶಿಕ್ಷೆಯನ್ನು ಅಲ್ಲಗಳೆಯುವಂಥ ದಾವೆಯನ್ನು ಆ ಶಿಕ್ಷೆ ರದ್ದಾಗುವವರೆಗೆ ಹೂಡುವಂತಿಲ್ಲ ಎಂದು 1994ರ ಹೆಕ್ ವಿರುದ್ಧ ಹಂಫ್ರಿ ತೀರ್ಪು ಹೇಳಿತ್ತು. ಹಾಗಾದರೆ ಅಕ್ರಮ ಬಂಧನಕ್ಕೂ ಗಡಿಯಾರ ಶಿಕ್ಷೆ ರದ್ದಾದ ಮೇಲೆಯೇ ಶುರುವಾಗಬೇಕಲ್ಲವೇ? ವ್ಯಾಲೇಸ್ ವಿರುದ್ಧ ಕೇಟೊ ಪ್ರಕರಣದ ಹುಡುಗನನ್ನು 1994ರಲ್ಲಿ, 15ನೇ ವಯಸ್ಸಿನಲ್ಲಿ, ಶಿಕಾಗೋ ಪೊಲೀಸರು ಕೊಲೆ ಪ್ರಕರಣದಲ್ಲಿ ಹಿಡಿದು, ರಾತ್ರಿಯಿಡೀ ವಿಚಾರಿಸಿ ತಪ್ಪೊಪ್ಪಿಗೆ ಪಡೆದಿದ್ದರು. ಬಂಧನವೇ ಅಕ್ರಮವೆಂದು ಮೇಲ್ಮನವಿ ನ್ಯಾಯಾಲಯ ಹೇಳಿ, ಕೊನೆಗೆ 2002ರ ಏಪ್ರಿಲ್‌ನಲ್ಲಿ ಆರೋಪಗಳನ್ನು ಕೈಬಿಡಲಾಯಿತು. ವರ್ಷ ತುಂಬುವ ಮೊದಲೇ ಅವನು ದಾವೆ ಹೂಡಿದ. 2007ರಲ್ಲಿ ಸುಪ್ರೀಂ ಕೋರ್ಟ್, ಗಡಿಯಾರ ಓಡಲಾರಂಭಿಸಿದ್ದು ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಕಾನೂನು ಪ್ರಕ್ರಿಯೆಗೆ ಒಳಪಡಿಸಿದ ದಿನದಿಂದ, ಅಪ್ರಾಪ್ತನೆಂಬ ವಿನಾಯಿತಿ ಸೇರಿಸಿದರೂ 18 ತುಂಬಿ ಎರಡು ವರ್ಷಕ್ಕೆ ಗಡುವು ಮುಗಿದಿತ್ತು ಎಂದಿತು. ಅಂದರೆ ಜೈಲಿನೊಳಗಿರುವಾಗಲೇ ದಾವೆ ಹೂಡಬೇಕಿತ್ತು. ಹಾಗೆ ಹೂಡಿದ ದಾವೆಯನ್ನು ಕ್ರಿಮಿನಲ್ ವಿಚಾರಣೆ ಮುಗಿಯುವವರೆಗೆ ತಡೆಹಿಡಿಯಬಹುದು ಎಂಬುದು ನ್ಯಾಯಾಲಯದ ಸಮಾಧಾನ. ಆದರೆ ತನ್ನ ಮೇಲೆ ಕೊಲೆಯ ಆರೋಪ ಇರುವಾಗ, ದಾವೆಯಲ್ಲಿ ಆಡಿದ ಪ್ರತಿ ಮಾತೂ ತನಗೇ ತಿರುಗುಬಾಣವಾಗಬಹುದೆಂದು ತಿಳಿದ ಯಾವ ಆರೋಪಿಯ ವಕೀಲ ತಾನೇ ಇದನ್ನು ಧೈರ್ಯವಾಗಿ ಸಲಹೆ ಮಾಡಿಯಾನು?

ಆಮೇಲಿನ ತೀರ್ಪುಗಳು ಈ ಬಿಗಿಯನ್ನು ಸ್ವಲ್ಪ ಸಡಿಲಿಸಿವೆ. ಇಲಿನಾಯ್‌ನ ಜೋಲಿಯೆಟ್‌ನಲ್ಲಿ 2011ರ ಮಾರ್ಚ್‌ನಲ್ಲಿ ಒಬ್ಬನ ಬಳಿ ಸಿಕ್ಕ ಮಾತ್ರೆಗಳು ಮಾದಕ ವಸ್ತುವಲ್ಲವೆಂದು ಪರೀಕ್ಷೆಗಳು ಹೇಳಿದ್ದರೂ ಅವನು 48 ದಿನ ಜೈಲಿನಲ್ಲಿದ್ದ. ಬಂಧನದಿಂದ ಎಣಿಸಿದರೆ ಅವನ ದಾವೆಗೆ ಎರಡು ವರ್ಷ ಮೀರಿತ್ತು, ಬಿಡುಗಡೆಯಿಂದ ಎಣಿಸಿದರೆ ಮೀರಿರಲಿಲ್ಲ. ಸುಪ್ರೀಂ ಕೋರ್ಟ್ 2017ರಲ್ಲಿ ಅವನ ಹಕ್ಕನ್ನು ಒಪ್ಪಿ ಗಡುವಿನ ಪ್ರಶ್ನೆಯನ್ನು ಕೆಳಗಿನ ನ್ಯಾಯಾಲಯಕ್ಕೆ ಬಿಟ್ಟಿತು. ಅದು ಮರುವರ್ಷ ಬಿಡುಗಡೆಯ ದಿನದಿಂದ ಎಣಿಸಿತು. 2019ರ ಮೆಕ್‌ಡೊನಾ ವಿರುದ್ಧ ಸ್ಮಿತ್ ತೀರ್ಪು, ಸುಳ್ಳು ಸಾಕ್ಷ್ಯದ ದಾವೆಗೆ ಗಡಿಯಾರ ಓಡುವುದು ಕ್ರಿಮಿನಲ್ ಪ್ರಕರಣ ಆರೋಪಿಯ ಪರವಾಗಿ ಮುಗಿದ ಮೇಲೆ ಎಂದು ಸ್ಪಷ್ಟಪಡಿಸಿತು. ಹೀಗೆ ಒಂದೇ ಬಂಧನದಿಂದ ಹುಟ್ಟಿದ ಹಲ್ಲೆ, ಅಕ್ರಮ ಸೆರೆ, ಸುಳ್ಳು ಸಾಕ್ಷ್ಯದ ದೂರುಗಳಿಗೆ ಬೇರೆ ಬೇರೆ ದಿನಗಳಲ್ಲಿ ಗಡುವು ಮುಗಿಯುತ್ತದೆ.

ಹೊಡೆದ ಪೊಲೀಸನ ಹೆಸರೇ ಗೊತ್ತಿಲ್ಲದ ಸಂದರ್ಭ ಇನ್ನೂ ಕಷ್ಟದ್ದು. 'ಜಾನ್ ಡೋ' ಎಂಬ ಕಲ್ಪಿತ ಹೆಸರಿನಲ್ಲಿ ದಾವೆ ಹೂಡಿ, ಗಡುವು ಮುಗಿದ ಮೇಲೆ ಇಲಾಖೆಯ ಕಡತದಿಂದ ನಿಜವಾದ ಹೆಸರು ಸಿಕ್ಕರೆ, ಅದನ್ನು ಸೇರಿಸಲು ಹೆಚ್ಚಿನ ಫೆಡರಲ್ ಮೇಲ್ಮನವಿ ನ್ಯಾಯಾಲಯಗಳು ಒಪ್ಪುವುದಿಲ್ಲ. ಹೆಸರು ತಿಳಿಯದಿರುವುದು ಹೆಸರಿನಲ್ಲಾದ ತಪ್ಪಲ್ಲ ಎಂಬುದು ಅವುಗಳ ವಾದ. ಹೆಸರಿನ ದಾಖಲೆ ಇರುವುದು ಪ್ರತಿವಾದಿಯ ಇಲಾಖೆಯ ಕಪಾಟಿನಲ್ಲಿ, ಅದನ್ನು ಹುಡುಕುವ ಹೊಣೆ ಮಾತ್ರ ವಾದಿಯದು.

ಹಳೆಯ ಆರೋಪಗಳಿಗೆ ಸಾಕ್ಷಿಗಳ ನೆನಪು ಮಾಸಿರುತ್ತದೆ, ಅಧಿಕಾರಿಗಳೂ ಒಂದು ದಿನ ನಿಶ್ಚಿಂತರಾಗಬೇಕು ಎಂಬ ಮಾತಿನಲ್ಲಿ ಹುರುಳಿದೆ, ಕಾಲಮಿತಿಯೇ ಬೇಡವೆಂದು ನಾನು ವಾದಿಸುತ್ತಿಲ್ಲ. ಆದರೆ ಪ್ರತಿ ರಾಜ್ಯವೂ ಪ್ರತ್ಯೇಕ ಗಡುವು ಇಡಬೇಕಾದ ಕಾರಣ ಇದರಲ್ಲಿಲ್ಲ. ಅಮೆರಿಕದ ಕಾಂಗ್ರೆಸ್ 1990ರಲ್ಲಿ, ಗಡುವು ಹೇಳದ ಫೆಡರಲ್ ಕಾಯ್ದೆಗಳಿಗೆಲ್ಲ 4 ವರ್ಷ ಎಂದು ನಿಗದಿ ಮಾಡಿತು. ಆದರೆ ಅದು ಅಲ್ಲಿಂದ ಮುಂದೆ ಬರುವ ಕಾಯ್ದೆಗಳಿಗೆ ಮಾತ್ರ. 1871ರ ಕಾಯ್ದೆ ಹೊರಗುಳಿಯಿತು. ಆ 4 ವರ್ಷವನ್ನು ಸೆಕ್ಷನ್ 1983ಕ್ಕೂ ಅನ್ವಯಿಸಲು ಒಂದು ಸಾಲಿನ ತಿದ್ದುಪಡಿ ಸಾಕು, ಮತ್ತು ಅದು ಆಗಬೇಕು.

ಅಲ್ಲಿಯವರೆಗೆ ಬದಲಾವಣೆ ರಾಜ್ಯಗಳ ಶಾಸನಸಭೆಗಳಿಂದಲೇ ಬರಬೇಕು. ಕ್ಯಾಲಿಫೋರ್ನಿಯಾ 2003ರಿಂದ ಗಾಯದ ದಾವೆಗಳ ಗಡುವನ್ನು 1 ವರ್ಷದಿಂದ 2ಕ್ಕೆ ಏರಿಸಿತು, ಪೊಲೀಸರ ಮೇಲಿನ ದಾವೆಗಳಿಗೂ ಅದರ ಲಾಭ ಸಿಕ್ಕಿತು. ಬಹುಕಾಲ 1 ವರ್ಷಕ್ಕೇ ಅಂಟಿಕೊಂಡಿದ್ದ ಲೂಯಿಸಿಯಾನಾ ಕೂಡ 2024ರಲ್ಲಿ ಅದೇ ಹಾದಿ ಹಿಡಿಯಿತು. ಆದರೆ ಅಲ್ಲಿನ ಹೊಸ ಗಡುವು ಆ ವರ್ಷದ ಜುಲೈ 1ರಿಂದ ಈಚೆಗೆ ನಡೆದ ಘಟನೆಗಳಿಗಷ್ಟೇ ಸಲ್ಲುತ್ತದೆ. ಅದಕ್ಕೆ ಮೊದಲು ಏಟು ತಿಂದವರಿಗೆ ಹಳೆಯ ಒಂದು ವರ್ಷವೇ.