ಫ್ಯಾಬ್ರಿಕ್ ಬೇಕಾ, ಪವರ್ ಬಿಐ ಸಾಕಾ?

ಪ್ರಶ್ನೆ: ನಮ್ಮದು ಪೈಪು, ಫಿಟಿಂಗ್ಸ್, ಸ್ಯಾನಿಟರಿ ಸಾಮಾನಿನ ಹೋಲ್‌ಸೇಲ್ ವ್ಯಾಪಾರ. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗದಲ್ಲಿ ಗೋಡೌನ್ ಇವೆ. ಲೆಕ್ಕ ಟ್ಯಾಲಿಯಲ್ಲಿದೆ. ಸೇಲ್ಸ್ ಹುಡುಗರ ಆರ್ಡರ್ ಒಂದು ಮೊಬೈಲ್ ಆ್ಯಪ್‌ನಲ್ಲಿ ಬರುತ್ತದೆ. ಉಳಿದದ್ದೆಲ್ಲ ಎಕ್ಸೆಲ್. ರಿಪೋರ್ಟ್ ನೋಡುವವರು ಸುಮಾರು 30 ಜನ. ಎಲ್ಲವನ್ನೂ ಮೈಕ್ರೋಸಾಫ್ಟ್ ಫ್ಯಾಬ್ರಿಕ್‌ಗೆ ಹಾಕೋಣ ಅಂತ ಕನ್ಸಲ್ಟೆಂಟ್ ಒಬ್ಬರು ಎಫ್64 ಅನ್ನುವ ಅಳತೆ ಕೋಟ್ ಮಾಡಿದ್ದಾರೆ. ತಗೊಳ್ಳಬಹುದಾ?

ಉತ್ತರ: ಎಫ್64 ಬೇಡ. ಫ್ಯಾಬ್ರಿಕ್ ಬೇಕೋ ಬೇಡವೋ ಅನ್ನುವುದನ್ನು ಆಮೇಲೆ ನೋಡೋಣ. ಈ ಕೋಟ್ ಮಾತ್ರ ನಿಮ್ಮ ಅಳತೆಯದ್ದಲ್ಲ.

ಫ್ಯಾಬ್ರಿಕ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಬೇರೆಬೇರೆ ಕಡೆಯಿಂದ ಡೇಟಾ ತರುವುದು, ತೊಳೆದು ಜೋಡಿಸುವುದು, ಇಡುವುದು, ರಿಪೋರ್ಟ್ ಮಾಡುವುದು, ಇದಕ್ಕೆಲ್ಲ ಮೊದಲು ಬೇರೆಬೇರೆ ಸೇವೆ ಕೊಳ್ಳಬೇಕಿತ್ತು. ಮೈಕ್ರೋಸಾಫ್ಟ್ ಅವನ್ನೆಲ್ಲ ತನ್ನ ರಿಪೋರ್ಟ್ ಸಾಧನ ಪವರ್ ಬಿಐ ಜೊತೆಗೆ ಒಂದೇ ಕಡೆ ಸೇರಿಸಿ 2023ರ ಮೇ ತಿಂಗಳಲ್ಲಿ ಫ್ಯಾಬ್ರಿಕ್ ಅಂತ ಹೆಸರಿಟ್ಟಿತು. ಅದೇ ವರ್ಷ ನವೆಂಬರ್‌ನಲ್ಲಿ ಎಲ್ಲರಿಗೂ ಬಿಟ್ಟಿತು. ಕಂಪನಿಯ ಡೇಟಾ ಎಲ್ಲ ಒನ್‌ಲೇಕ್ ಅನ್ನುವ ಒಂದೇ ಜಾಗದಲ್ಲಿ ಕೂರುತ್ತದೆ. ಬಿಲ್ ಕೂಡ ಹೆಚ್ಚುಕಡಿಮೆ ಒಂದೇ. ಎಫ್2, ಎಫ್4, ಎಫ್8 ಅಂತ ದುಪ್ಪಟ್ಟಾಗುತ್ತಾ ಎಫ್2048ರವರೆಗೆ ಹೋಗುವ ಕೆಪಾಸಿಟಿಗಳಲ್ಲಿ, ಅಂದರೆ ಬಾಡಿಗೆಗೆ ಸಿಗುವ ಕಂಪ್ಯೂಟರ್ ಶಕ್ತಿಯ ಅಳತೆಗಳಲ್ಲಿ, ಒಂದನ್ನು ಆರಿಸಿಕೊಳ್ಳಬೇಕು.

ಎಫ್64ನ್ನೇ ಯಾಕೆ ಹೇಳುತ್ತಾರೆ? ಅದಕ್ಕಿಂತ ಚಿಕ್ಕದು ತಗೊಂಡರೆ, ರಿಪೋರ್ಟ್ ಸುಮ್ನೆ ನೋಡುವವರಿಗೂ ಒಬ್ಬೊಬ್ಬರಿಗೆ ಪವರ್ ಬಿಐ ಪ್ರೊ ಲೈಸೆನ್ಸ್ ಬೇಕು. ಎಫ್64 ಮತ್ತು ಅದರ ಮೇಲೆ ನೋಡುವವರಿಗೆ ಅದು ಬೇಕಿಲ್ಲ, ಮಾಡುವವರಿಗೆ ಮಾತ್ರ ಸಾಕು. ಕೇಳುವುದಕ್ಕೆ ಚೆನ್ನಾಗಿದೆ. ಲೆಕ್ಕ ಹಾಕಿ ನೋಡಿ. 2025ರ ಏಪ್ರಿಲ್‌ನಿಂದ ಪ್ರೊ ಬೆಲೆ ತಲೆಗೆ ತಿಂಗಳಿಗೆ 14 ಡಾಲರ್. ನಿಮ್ಮ 30 ಜನಕ್ಕೆ 420 ಡಾಲರ್ ಆಯಿತು. ಎಫ್64ಗೆ ಅಮೆರಿಕದ ಪಟ್ಟಿ ಬೆಲೆಯಲ್ಲಿ ತಿಂಗಳಿಗೆ ಸುಮಾರು 8,400 ಡಾಲರ್. ಒಂದು ವರ್ಷಕ್ಕೆ ಮೊದಲೇ ಒಪ್ಪಿಕೊಂಡರೆ ಸುಮಾರು 5,000. ಅಂದರೆ ನೋಡುವವರೇ 350 ದಾಟುವವರೆಗೆ ಲೈಸೆನ್ಸ್ ಉಳಿತಾಯದ ಮಾತಿಗೆ ಅರ್ಥವಿಲ್ಲ. ಭಾರತದ ಬೆಲೆ, ತೆರಿಗೆ ಸೇರಿದರೆ ಅಂಕಿ ಆಚೀಚೆ ಆಗಬಹುದು, ಲೆಕ್ಕದ ದಿಕ್ಕು ಬದಲಾಗುವುದಿಲ್ಲ.

ಇನ್ನು ಚಿಕ್ಕ ಫ್ಯಾಬ್ರಿಕ್. ಎಫ್2 ಗಂಟೆಗೆ ಸುಮಾರು 36 ಸೆಂಟ್, ಹಗಲುರಾತ್ರಿ ಓಡಿಸಿದರೆ ತಿಂಗಳಿಗೆ 260 ಡಾಲರ್ ಆಸುಪಾಸು. ಡೇಟಾ ಇಡುವ ಬಾಡಿಗೆ ಬೇರೆ. ಅದು ನಿಮ್ಮ ಮಟ್ಟಕ್ಕೆ ಚಿಲ್ಲರೆ ಕಾಸು. ಹಾಗಾದರೆ ತಗೊಂಡೇ ಬಿಡೋಣ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ.

ಡೇಟಾ ಜಾಸ್ತಿ ಆಗಿದೆ ಅನ್ನುವುದು ಕಾರಣವಾಗಿದ್ದರೆ, ಆಗಿಲ್ಲ. ಮೂರೂ ಗೋಡೌನ್ ಸೇರಿ ದಿನಕ್ಕೆ 1,500 ಬಿಲ್, ಒಂದೊಂದರಲ್ಲಿ 10 ಐಟಂ ಅಂತ ಹಿಡಿದರೂ ವರ್ಷಕ್ಕೆ 45 ಲಕ್ಷ ಸಾಲು. ಪ್ರೊ ಲೈಸೆನ್ಸ್‌ನಲ್ಲಿ ಒಂದು ಮಾಡೆಲ್‌ಗೆ, ಅಂದರೆ ರಿಪೋರ್ಟ್‌ನ ಹಿಂದೆ ಕೂರುವ ಡೇಟಾಕ್ಕೆ, 1 ಜಿಬಿ ಮಿತಿ ಇದೆ. ಆದರೆ ಪವರ್ ಬಿಐ ಡೇಟಾವನ್ನು ಚೆನ್ನಾಗಿ ಹಿಂಡಿ ಇಡುತ್ತದೆ. ಬೇಡದ ಕಾಲಂ ಕಿತ್ತುಹಾಕಿದರೆ ಕೆಲವು ವರ್ಷದ ಮಾರಾಟ ಅದರಲ್ಲೇ ಹಿಡಿಯುತ್ತದೆ. ದಿನಕ್ಕೆ 8 ಸಲ ರಿಫ್ರೆಶ್ ಮಾಡಬಹುದು. ಹೋಲ್‌ಸೇಲ್ ವ್ಯಾಪಾರಕ್ಕೆ ಅಷ್ಟು ಸಾಲದೇ?

ನಿಮ್ಮ ನಿಜವಾದ ತೊಂದರೆ ಬಹುಶಃ ಇದು: ದಾವಣಗೆರೆಯವರು ಹೇಳುವ 'ಸೇಲ್ಸ್' ಮತ್ತು ಹುಬ್ಬಳ್ಳಿಯವರು ಹೇಳುವ 'ಸೇಲ್ಸ್' ಒಂದೇ ಅಲ್ಲ. ಒಬ್ಬರು ಜಿಎಸ್‌ಟಿ ಸೇರಿಸಿ ಹೇಳುತ್ತಾರೆ, ಇನ್ನೊಬ್ಬರು ಬಿಟ್ಟು. ವಾಪಸ್ ಬಂದ ಮಾಲನ್ನು ಒಬ್ಬರು ಅದೇ ತಿಂಗಳು ಕಳೆಯುತ್ತಾರೆ, ಇನ್ನೊಬ್ಬರು ಕ್ರೆಡಿಟ್ ನೋಟ್ ಹಾಕಿದ ತಿಂಗಳು. ಆ್ಯಪ್‌ನಲ್ಲಿ ಬಂದ ಆರ್ಡರ್ ಬಿಲ್ ಆಗದಿದ್ದರೂ ಟಾರ್ಗೆಟ್‌ಗೆ ಸೇರಿಬಿಡುತ್ತದೆ. ಒಂದೇ ಅರ್ಧ ಇಂಚಿನ ಎಲ್ಬೋ ಮೂರು ಗೋಡೌನ್‌ನಲ್ಲಿ ಮೂರು ಹೆಸರಲ್ಲಿ ಇರುತ್ತದೆ. ಇದನ್ನು ಯಾವ ಪ್ಲಾಟ್‌ಫಾರ್ಮೂ ಸರಿಮಾಡುವುದಿಲ್ಲ. ಐಟಂ ಮಾಸ್ಟರ್, ಅಂದರೆ ಎಲ್ಲ ಐಟಂಗಳ ಪಟ್ಟಿ, ಒಂದು ಮಾಡುವುದು, ಪಾರ್ಟಿಗಳ ಹೆಸರನ್ನು ಜಿಎಸ್‌ಟಿ ನಂಬರ್ ಮೇಲೆ ಹೊಂದಿಸುವುದು, ಯಾವುದಕ್ಕೆ ಸೇಲ್ಸ್ ಅನ್ನಬೇಕು ಅಂತ ಮಾಲೀಕರೇ ಕೂತು ಒಂದು ಹಾಳೆಯಲ್ಲಿ ಬರೆಯುವುದು, ಇಷ್ಟನ್ನು ಮೊದಲು ಮಾಡಿ. ಈ ಕೆಲಸ ಕೋಟ್‌ನಲ್ಲಿ ಇರುವುದೇ ಇಲ್ಲ. ಯಾಕೆಂದರೆ ಅದು ಬೇಸರದ ಕೆಲಸ, ಡೆಮೋದಲ್ಲಿ ತೋರಿಸಲು ಬರುವುದಿಲ್ಲ.

ಇನ್ನೊಂದು ಸಣ್ಣ ವಿಷಯ. ಟ್ಯಾಲಿ ಆಫೀಸಿನ ಕಂಪ್ಯೂಟರ್‌ನಲ್ಲಿದ್ದರೆ ಅಲ್ಲಿಂದ ಕ್ಲೌಡ್‌ಗೆ ಡೇಟಾ ಹೋಗಲು ಗೇಟ್‌ವೇ ಅನ್ನುವ ಸಾಫ್ಟ್‌ವೇರ್ ಹಾಕಬೇಕು, ಆ ಮಷೀನ್ ಆನ್ ಇರಬೇಕು. ಸಂಜೆ ಬಾಗಿಲು ಹಾಕುವವರು ಸ್ವಿಚ್ ಆಫ್ ಮಾಡಿ ಹೋದರೆ ಬೆಳಿಗ್ಗೆ ಎಲ್ಲರೂ ನಿನ್ನೆಯ ರಿಪೋರ್ಟನ್ನೇ ನೋಡುತ್ತಾರೆ. ಫ್ಯಾಬ್ರಿಕ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಹಾಗಾದರೆ ಫ್ಯಾಬ್ರಿಕ್ ಯಾರಿಗೆ? ಡೇಟಾ ಬರುವ ಮೂಲಗಳು ಹೆಚ್ಚಾಗಿ, ಒಂದೇ ಟೇಬಲ್‌ನ ನಾಲ್ಕೈದು ನಕಲು ನಾಲ್ಕೈದು ರಿಪೋರ್ಟ್‌ನಲ್ಲಿ ಕೂತಾಗ. ರಿಪೋರ್ಟ್ ಮಾಡುವವರು ಒಬ್ಬರಿಗಿಂತ ಜಾಸ್ತಿ ಇದ್ದು, ಎಲ್ಲರೂ ಒಂದೇ ತೊಳೆದ ಡೇಟಾದಿಂದ ಶುರುಮಾಡಬೇಕು ಅನ್ನಿಸಿದಾಗ. ಬೇರೆ ಕ್ಲೌಡ್‌ನಲ್ಲಿ, ಉದಾಹರಣೆಗೆ ಅಮೆಜಾನ್ ಎಸ್3ಯಲ್ಲಿ ಇರುವ ಡೇಟಾವನ್ನು ನಕಲು ಮಾಡದೆ ಶಾರ್ಟ್‌ಕಟ್ ಮೂಲಕ ಓದಬೇಕಾದಾಗ. ಮುಖ್ಯವಾಗಿ, ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಡೇಟಾ ಕೇಳುವ ಭಾಷೆ) ಬಲ್ಲ, ದಿನಾ ಇದನ್ನು ನೋಡಿಕೊಳ್ಳುವ ಒಬ್ಬ ವ್ಯಕ್ತಿ ನಿಮ್ಮ ಸಂಬಳದ ಪಟ್ಟಿಯಲ್ಲಿ ಇದ್ದಾಗ. ಅವರ ಸಂಬಳ ಎಫ್2ರ ಬಿಲ್‌ಗಿಂತ ಜಾಸ್ತಿ ಆಗುತ್ತದೆ. ಆ ವ್ಯಕ್ತಿ ಇಲ್ಲದಿದ್ದರೆ ಕನ್ಸಲ್ಟೆಂಟ್ ಹೋದ ಮೇಲೆ ಡೇಟಾ ತರುವ ಪೈಪ್‌ಲೈನ್ ನಿಂತಿದ್ದೂ ಯಾರಿಗೂ ಗೊತ್ತಾಗುವುದಿಲ್ಲ.

ಎಫ್2 ತಗೊಳ್ಳುವವರು ಥ್ರಾಟ್ಲಿಂಗ್, ಅಂದರೆ ಮಿತಿ ಮೀರಿದಾಗ ಕೆಲಸ ತಡೆಯುವುದರ ಬಗ್ಗೆ ತಿಳಿದಿರಬೇಕು. ಇದು ನಿಮ್ಮ ಉದ್ರಿ ಖಾತೆಯ ಹಾಗೆ. ಕೆಲಸ ಭಾರವಾದಾಗ ಫ್ಯಾಬ್ರಿಕ್ ಮುಂದಿನ ಹೊತ್ತಿನ ಶಕ್ತಿಯನ್ನು ಸಾಲ ಕೊಡುತ್ತದೆ. ಸಾಲ 10 ನಿಮಿಷದ ಪಾಲು ದಾಟಿದರೆ ರಿಪೋರ್ಟ್‌ನ ಕ್ಲಿಕ್‌ಗಳು ತಡವಾಗುತ್ತವೆ. ಒಂದು ಗಂಟೆಯ ಪಾಲು ದಾಟಿದರೆ ರಿಪೋರ್ಟ್ ತೆರೆಯುವುದಿಲ್ಲ. 24 ಗಂಟೆ ದಾಟಿದರೆ ಹಿನ್ನೆಲೆಯ ಕೆಲಸವೂ ನಿಲ್ಲುತ್ತದೆ. ಕೆಪಾಸಿಟಿಯನ್ನು ನಿಲ್ಲಿಸಿ ದುಡ್ಡು ಉಳಿಸಬಹುದು, ಆದರೆ ನಿಲ್ಲಿಸಿದ ಕೂಡಲೇ ಬಾಕಿ ಸಾಲವನ್ನೆಲ್ಲ ಬಿಲ್‌ಗೆ ಸೇರಿಸುತ್ತಾರೆ. ಅದರ ಮೇಲಿದ್ದ ರಿಪೋರ್ಟ್‌ಗಳೂ ಮುಚ್ಚಿಹೋಗುತ್ತವೆ. ಇದಕ್ಕೊಂದು ದಾರಿ ಇದೆ: ರಿಪೋರ್ಟ್‌ಗಳನ್ನು ಇಂಪೋರ್ಟ್ ಮಾಡೆಲ್ (ಡೇಟಾದ ನಕಲು ಒಳಗೇ ಇರುವಂಥದ್ದು) ಆಗಿ, ಎಫ್2ಗೆ ಸೇರದ ಸಾಧಾರಣ ಪ್ರೊ ವರ್ಕ್‌ಸ್ಪೇಸ್‌ನಲ್ಲಿ ಇಡಿ, ಎಫ್2ನ್ನು ರಾತ್ರಿ ಡೇಟಾ ತುಂಬಿ ರಿಫ್ರೆಶ್ ಮುಗಿಸುವಷ್ಟು ಹೊತ್ತು ಮಾತ್ರ ಓಡಿಸಿ.

ಆಮೇಲೆ ಬಿಟ್ಟು ಹೋಗಬೇಕೆನಿಸಿದರೆ? ಟೇಬಲ್‌ಗಳು ಡೆಲ್ಟಾ ಪಾರ್ಕೆ ಅನ್ನುವ ಮುಕ್ತ ರೂಪದಲ್ಲಿ ಇರುವುದರಿಂದ ಬೇರೆ ಎಂಜಿನ್‌ಗಳೂ ಓದಬಲ್ಲವು. ಪೈಪ್‌ಲೈನು, ರಿಪೋರ್ಟು, ಅದರೊಳಗಿನ ಡ್ಯಾಕ್ಸ್ (ಪವರ್ ಬಿಐನ ಲೆಕ್ಕದ ಭಾಷೆ) ಸೂತ್ರಗಳು ಮಾತ್ರ ಜೊತೆಗೆ ಬರುವುದಿಲ್ಲ, ಹೊಸದಾಗಿ ಬರೆಯಬೇಕು. ಡೇಟಾಬ್ರಿಕ್ಸ್, ಸ್ನೋಫ್ಲೇಕ್‌ನಂಥ ಬೇರೆ ಕಂಪನಿಗಳ ಡೇಟಾ ಪ್ಲಾಟ್‌ಫಾರ್ಮ್ ನಿಮಗೆ ಈಗ ಬೇಡ. ಕಂಪನಿ ಪೂರ್ತಿ ಗೂಗಲ್ ವರ್ಕ್‌ಸ್ಪೇಸ್‌ನಲ್ಲಿದ್ದರೆ ಗೂಗಲ್‌ನದೇ ಡೇಟಾ ಸೇವೆ ಬಿಗ್‌ಕ್ವೆರಿ ನೋಡಬಹುದು. ಅಲ್ಲಿ ತಿಂಗಳಿಗೆ ಮೊದಲ 1 ಟೆರಾಬೈಟ್ ಕ್ವೆರಿ ಉಚಿತ.

ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವರ್ಷ ಪ್ರೊ ಲೈಸೆನ್ಸ್, ಒಂದು ಸಾಧಾರಣ ಡೇಟಾಬೇಸ್, ಒಳ್ಳೆಯ ಐಟಂ ಮಾಸ್ಟರ್, ಇಷ್ಟರಲ್ಲಿ ನಡೆಸುತ್ತೇನೆ. ಜೊತೆಗೆ ಫ್ಯಾಬ್ರಿಕ್‌ನ 60 ದಿನದ ಉಚಿತ ಟ್ರಯಲ್‌ನಲ್ಲಿ ಒಂದೇ ಪ್ರಶ್ನೆ ಹಿಡಿದು ನೋಡುತ್ತೇನೆ. 90 ದಿನ ದಾಟಿದ ಬಾಕಿ ಯಾವ ಪಾರ್ಟಿಯದು, ಅವರಿಗೆ ಈಗಲೂ ಮಾಲು ಹೋಗುತ್ತಿದೆಯಾ, ಈ ತರಹದ್ದು. ಟ್ರಯಲ್ ಕೆಪಾಸಿಟಿ ಎಷ್ಟು ದೊಡ್ಡದು ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿಕೊಳ್ಳಿ. ಅದು 64 ಯೂನಿಟ್‌ನದ್ದಾಗಿದ್ದರೆ, ಅಂದರೆ ಎಫ್64ರಷ್ಟು ದೊಡ್ಡದಾಗಿದ್ದರೆ, ಅಲ್ಲಿ ಸಲೀಸಾಗಿ ಓಡಿದ್ದು ಎಫ್2ರಲ್ಲಿ ಏದುಸಿರು ಬಿಡಬಹುದು. ಕೆಪಾಸಿಟಿ ಮೆಟ್ರಿಕ್ಸ್ ಆ್ಯಪ್ ಹಾಕಿಕೊಂಡರೆ ನಿಜವಾಗಿ ಎಷ್ಟು ಖರ್ಚಾಯಿತು ಅಂತ ಕಾಣುತ್ತದೆ. ಆ ಅಂಕಿ ಹಿಡಿದುಕೊಂಡೇ ಕನ್ಸಲ್ಟೆಂಟ್ ಹತ್ತಿರ ಹೊಸ ಕೋಟ್ ಕೇಳಿ. ಎಫ್2ರಿಂದ ಎಫ್4ಗೆ ಏರಿಸುವುದು ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್‌ನ ಪೋರ್ಟಲ್‌ನಲ್ಲಿ ಕೆಲವು ನಿಮಿಷದ ಕೆಲಸ. ಆದ್ದರಿಂದ ಮೊದಲ ಕೆಲವು ತಿಂಗಳು ಬಳಸಿದಷ್ಟಕ್ಕೆ ಕೊಡುವ ಲೆಕ್ಕದಲ್ಲೇ ಇರಿ, ವರ್ಷದ ರಿಸರ್ವೇಶನ್ ಆಮೇಲೆ ಮಾಡಿದರಾಯಿತು.